ಗಣಿಕಲ್ಲಿನ ರಂಗೋಲಿ

ನನ್ನ ಅಕ್ಕನ ಎದೆಗೆ ಕಲ್ಲು ತುಂಬಿದವನು ನಾನು. ಇದನ್ನು ಸುತ್ತಿ ಬಳಸಿ ಹೇಳುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನಿಗೆ ಮಾತಿಗೇನು ಬರ? ಆದರೆ ಬರುವ ವರ್ಷ ನಿವೃತ್ತಿ. ಬೀಳ್ಕೊಡುಗೆಯ ದಿನ ಹಾರ ಹಾಕಿ ನನ್ನನ್ನು ದೊಡ್ಡ ಜ್ಞಾನಿ ಅಂತ ಹೊಗಳುತ್ತಾರೆ. ಅದಕ್ಕೆ ಮುಂಚೆ ಈ ಜ್ಞಾನಿಯ ಹಣೆಬರಹವನ್ನು ನಾನೇ ಬರೆದಿಡಬೇಕು ಅನ್ನಿಸಿದೆ.

ನಮ್ಮ ಊರು ದುದ್ದದ ಕಡೆ. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕನನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಊರಿಗೆ ಕೊಟ್ಟರು. ಆ ಊರಿನ ಪಕ್ಕದ ಗುಡ್ಡದಲ್ಲಿ ಆಗ ಚಿನ್ನದ ಗಣಿ ನಡೆಯುತ್ತಿತ್ತು. ಭಾವ ಗಣಿಯೊಳಗೆ ಬಂಡೆ ಕೊರೆಯುವ ಕೆಲಸದವರು. "ಚಿನ್ನದ ಗಣಿ ಊರ್ಗೆ ಎಣ್ಣು ಕೊಟ್ಟಿವ್ನಿ ಕಣ್ಲಾ" ಎಂದು ನಮ್ಮಪ್ಪ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಅಕ್ಕನ ಕಿವಿಯಲ್ಲಿ ಇದ್ದದ್ದು ನಮ್ಮವ್ವ ಹಾಕಿ ಕಳಿಸಿದ ಓಲೆ ಮಾತ್ರ.

ಹೊಳೆನರಸೀಪುರ, ಚನ್ನರಾಯಪಟ್ಟಣದ ನೆಲದಲ್ಲಿ ಕಲ್ಲು ಎರಡು ಜಾತಿ. ಎಲ್ಲೆಲ್ಲೂ ಹಾಸಿಕೊಂಡಿರುವುದು ಬೂದು ಬಂಡೆ. ಅದರ ನಡುವೆ ಅಲ್ಲಲ್ಲಿ ಕರಿಹಸಿರು ಪದರುಗಲ್ಲಿನ ಉದ್ದ ಪಟ್ಟಿಗಳು ಉತ್ತರ ದಕ್ಷಿಣವಾಗಿ ಮಲಗಿವೆ. ಒಂದು ಕಾಲಕ್ಕೆ ಅದು ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ಆಮೇಲೆ ಭೂಮಿ ಅದನ್ನು ಮಡಚಿ, ಹಿಂಡಿ, ಬೇಯಿಸಿತು. ಆಳದಿಂದ ಮೇಲೆದ್ದ ಕುದಿನೀರು ಪದರುಗಲ್ಲಿನ ಬಿರುಕುಗಳಿಗೆ ನುಗ್ಗಿ ಆರಿತು. ಆರಿದಾಗ ಬಿರುಕಿನಲ್ಲಿ ಉಳಿದದ್ದು ಬಿಳಿಯ ಬೆಣಚು ಕಲ್ಲು, ಅದರೊಳಗೆ ಎಲ್ಲೋ ಒಂದಿಷ್ಟು ಚಿನ್ನ. ಒಂದು ಮೂಟೆ ಬೆಣಚು ಪುಡಿ ಮಾಡಿದರೆ ಒಂದು ಮೂಗುಬಟ್ಟಿಗೂ ಸಾಲದು. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ, ಹುಡುಗರು ಬಾಯಿ ಬಿಟ್ಟು ಕೇಳುತ್ತಾರೆ.

ಆ ಗುಡ್ಡವನ್ನು ಮೊದಲು ಬಗೆದವರು ಯಾರೋ ಗೊತ್ತಿಲ್ಲ. ಹೆಸರು, ಶಾಸನ ಯಾವುದೂ ಇಲ್ಲ. ಗುಡ್ಡದ ಬೆನ್ನಿನ ಮೇಲೆ ಉದ್ದಕ್ಕೆ ಸೀಳಿದ ಕಂದಕಗಳಿವೆ. ಅದರ ಕೆಳಗಿನ ಹಾಸುಬಂಡೆಯಲ್ಲಿ ಸಾಲಾಗಿ ಒರಳಿನಂಥ ಗುಳಿಗಳು. ಆ ಕಾಲದವರು ಬೆಂಕಿ ಹಾಕಿ, ನೀರೆರಚಿ ಕಲ್ಲು ಸೀಳಿಸಿ, ತಂದು ಈ ಗುಳಿಗಳಲ್ಲಿ ಕುಟ್ಟಿ, ತೊಳೆದು ಚಿನ್ನ ತೆಗೆಯುತ್ತಿದ್ದರು. ಕುಟ್ಟಿದವರು ಹೆಂಗಸರೇ ಇರಬೇಕು, ಕುಟ್ಟುವುದನ್ನು ನಮ್ಮಲ್ಲಿ ಯಾವ ಕಾಲಕ್ಕೆ ಗಂಡಸರು ಮಾಡಿದ್ದಾರೆ? ಊರವರು ಅದನ್ನು ಪಾಂಡವರು ರಾಗಿ ಕುಟ್ಟಿದ ಗುಳಿ ಅನ್ನುತ್ತಾರೆ. ಆಮೇಲೆ ಬಿಳಿಯರ ಕಾಲದಲ್ಲಿ ಹಳೇ ಕಂದಕ ಕಂಡು ಆಸೆಪಟ್ಟವರು ಬಂದು ಬಾವಿ ಇಳಿಸಿದರು, ಕೈಸುಟ್ಟುಕೊಂಡು ಹೋದರು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ನೀರು ಎತ್ತಿ, ಬಾವಿಯ ಮೇಲೆ ಕಬ್ಬಿಣದ ಗೋಪುರ ನಿಲ್ಲಿಸಿ, ಸುರಂಗ ಕೊರೆದರು. ನಾನು ಎಂ.ಎಸ್ಸಿ. ಓದುವ ಹೊತ್ತಿಗೆ ಅದೂ ಮುಚ್ಚಿತು. ಪಂಪು ನಿಲ್ಲಿಸಿದ ವಾರದೊಳಗೆ ಕೆಳಗಿನ ಅಂತಸ್ತು ಮುಳುಗಿತಂತೆ. ಗೋಪುರವನ್ನು ಗುಜರಿಗೆ ಕತ್ತರಿಸಿ ಒಯ್ದರು. ಉಳಿದದ್ದು ಬಾವಿಯ ಬಾಯಿಗೆ ಹಾಕಿದ ಕಾಂಕ್ರೀಟು ಮುಚ್ಚಳ, ಮನೆ ಎತ್ತರದ ಬೆಣಚು ಕಲ್ಲಿನ ಗುಡ್ಡೆ ಮತ್ತು ಗಣಿ ಕೆಮ್ಮು.

ಗಣಿ ಕೆಮ್ಮು ಅಂದರೆ ಒಳಗೆ ಇಳಿದ ಗಂಡಸರ ಕೆಮ್ಮು. ನಲವತ್ತರ ಆಚೆ ಅವರು ಮೆಟ್ಟಿಲು ಹತ್ತಲಾರರು, ಮಾತು ಮುಗಿಸಲಾರರು, ಒಂದು ದಿನ ಸಾಯುತ್ತಾರೆ. ಊರಿನ ಲೆಕ್ಕಾಚಾರದಲ್ಲಿ ಅದು ಪಾತಾಳದ ಶೀತ. ಬೆಳಕಿಲ್ಲದ ಕಡೆ ಹೋದದ್ದಕ್ಕೆ ಬಂದ ರೋಗ. ಮೇಲೆ, ಬಿಸಿಲಿನಲ್ಲಿ ಇರುವವರಿಗೆ ಅದು ಬರುವುದಿಲ್ಲ. ಗಣಿ ಮುಚ್ಚಿದಾಗ ಸಂಬಳ ಹೋಯಿತು ಅಂತ ಗಂಡಸರು ಅತ್ತರು. ಹೆಂಗಸರು ಕೆಮ್ಮು ಹೋಯಿತು ಅಂತ ಗುಟ್ಟಾಗಿ ಗ್ರಾಮದೇವತೆಗೆ ತಂಬಿಟ್ಟು ಮಾಡಿದರು. ಗಣಿ ಮುಚ್ಚಿದ ಎರಡನೇ ವರ್ಷಕ್ಕೆ ಭಾವ ಅದೇ ಕೆಮ್ಮಿನಲ್ಲಿ ತೀರಿಕೊಂಡರು. ಕೆಲಸ ಬಿಟ್ಟು ಬರುವಾಗ ಗಣಿಯಿಂದ ಒಂದು ಉಕ್ಕಿನ ಡ್ರಿಲ್ ರಾಡು ತಂದು ಮೂಲೆಗೆ ಒರಗಿಸಿದ್ದರು. ಅವರ ಆಸ್ತಿ ಅಂತ ಇದ್ದದ್ದು ಅದು, ಒಂದಿಷ್ಟು ತೆಂಗಿನ ಮರ, ಮತ್ತು ಹಾಲು ಕುಡಿಯುವ ಮಗ.

ಅಕ್ಕ ರಾಡನ್ನು ಒನಕೆ ಮಾಡಿಕೊಂಡಳು. ರಂಗೋಲಿ ಪುಡಿ ಕುಟ್ಟಿ ಸಂತೆಗೆ ಒಯ್ಯುವುದು ಆ ಕಡೆ ಹಳೇ ಕಸುಬು. ಕುಟ್ಟುತ್ತಿದ್ದದ್ದು ಬಳಪದ ಕಲ್ಲು. ಉಗುರಿನಲ್ಲಿ ಗೀರಿದರೆ ಬರುವಷ್ಟು ಮೆದು. ಪುಡಿ ಕೊಂಚ ಮಾಸಲು. ಅಕ್ಕ ಗಣಿ ಗುಡ್ಡೆಯ ಬೆಣಚು ತಂದು, ಒಂದು ಪಾಂಡವರ ಗುಳಿಯಲ್ಲಿ ಹಾಕಿ ಕುಟ್ಟಿ ನೋಡಿದಳು. ಹಾಲಿನಂಥ ಪುಡಿ ಬಂತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮನೆಯಲ್ಲೇ ನಾವಿಬ್ಬರೂ ಬೆಳೆದದ್ದು.

ಆ ದೀಪಾವಳಿಗೆ ನಾನು ಹೋದೆ. ಎಂ.ಎಸ್ಸಿ. ಮುಗಿದಿತ್ತು. ಕುತ್ತಿಗೆಗೆ ದಾರ ಕಟ್ಟಿದ ಭೂತಗನ್ನಡಿ, ಸೊಂಟಕ್ಕೆ ಸುತ್ತಿಗೆ. ಮದುವೆ ಗಂಡಿಗೂ ಅಷ್ಟು ಜಂಬ ಇರುವುದಿಲ್ಲ. ಅಕ್ಕ ಕುಟ್ಟುತ್ತಿದ್ದ ಕಲ್ಲಿನ ಚೂರೊಂದರಲ್ಲಿ ಹಳದಿ ಮಿನುಗು ಕಂಡಿತು. ಸುತ್ತ ನಾಲ್ಕೈದು ಹೆಂಗಸರು ನಿಂತು ನನ್ನನ್ನೇ ನೋಡುತ್ತಿದ್ದರು. ಕನ್ನಡಿ ಕಣ್ಣಿಗಿಟ್ಟು, ಹುಬ್ಬು ಗಂಟು ಹಾಕಿ, ಕಲ್ಲನ್ನು ಆ ಕಡೆ ಈ ಕಡೆ ತಿರುಗಿಸಿ, "ಚಿನ್ನ" ಅಂದೆ.

"ಕಾಗೆಬಂಗಾರ ಅಲ್ವೇನ್ಲಾ?" ಅಂದಳು ಅಕ್ಕ.

ಹಳ್ಳಿಯ ಯಾವ ಮಗುವಿಗೂ ಕಾಗೆಬಂಗಾರ ಗೊತ್ತು. ಪದರು ಪದರಾಗಿ ಏಳುವ ಅಭ್ರಕ. ಬಿಸಿಲಿಗೆ ಮಾಸಿ ಹಳದಿಗೆ ತಿರುಗಿದಾಗ ಚಿನ್ನದ ಹಾಗೆ ಹೊಳೆಯುತ್ತದೆ. ಸೂಜಿ ಮೊನೆ ತಾಗಿಸಿದರೆ ಚಿನ್ನ ತಗ್ಗುತ್ತದೆ, ಅಭ್ರಕ ಸಿಪ್ಪೆ ಏಳುತ್ತದೆ. ನನ್ನ ಜೇಬಿನಲ್ಲಿ ಪಿನ್ನಿತ್ತು. ತೆಗೆಯಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಊರವರ ಎದುರಿಗೆ, ನನಗೆ ಕಲ್ಲಿನ ಪಾಠ ಹೇಳುವುದಾ ಅಂತ ಮೈ ಉರಿಯಿತು.

"ಅಲ್ಲ ಕಣಕ್ಕ. ನೀನೇನ್ ಕಾಲೇಜ್ನಾಗೆ ಓದಿದ್ದೀಯಾ? ಇದು ಚಿನ್ನವೇ. ಕಣ್ಣಿಗೆ ಕಾಣದಷ್ಟು ಪುಡೀಲೂ ಇರ್ತದೆ" ಅಂದೆ.

ಅಕ್ಕ ನಂಬಿದಳು. ತಮ್ಮ ಓದಿದವನು, ಅವಳು ದುದ್ದದ ಸಂತೆಯಲ್ಲಿ ಹಾಲು ತುಪ್ಪ ಮಾರಿ ತಂದ ದುಡ್ಡಿನಲ್ಲಿ ಓದಿದವನು. ಮುಂದಿನ ವಾರದಿಂದ ಆ ಪುಡಿ ಹೊಳೆನರಸೀಪುರದ ಸಂತೆಯಲ್ಲಿ, ಅರಕಲಗೂಡಿನ ಸಂತೆಯಲ್ಲಿ, ಗಣಿಕಲ್ಲಿನ ರಂಗೋಲಿ ಆಯಿತು. ಬಾಗಿಲಲ್ಲಿ ಹಾಕಿದರೆ ಲಕ್ಷ್ಮಿ ಹೊಸ್ತಿಲು ದಾಟಿ ಬರುತ್ತಾಳೆ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವವರು, ಗೃಹಪ್ರವೇಶದವರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು. "ನನ್ ತಮ್ಮ ಕನ್ನಡಿ ಇಟ್ ನೋಡವ್ನೆ, ಸುಳ್ಳಲ್ಲ" ಎಂದು ಅಕ್ಕ ಹೇಳುತ್ತಿದ್ದಳು. ನಾನು ಒಮ್ಮೆ ಅರಕಲಗೂಡಿನಲ್ಲಿ ಬಸ್ಸು ಇಳಿದವನು ಇದನ್ನು ನನ್ನ ಕಿವಿಯಾರೆ ಕೇಳಿಸಿಕೊಂಡೆ. ಅವಳಿಗೆ ಕಾಣದ ಹಾಗೆ ಹೊಗೆಸೊಪ್ಪಿನ ಅಂಗಡಿಯ ಹಿಂದಿನಿಂದ ಹಾಯ್ದು ಹೋದೆ.

ಅವಳು ಕುಟ್ಟುವ ರೀತಿ ಹೇಳಬೇಕು. ಗುಳಿಯ ಮುಂದೆ ಕಾಲು ಅಗಲಿಸಿ ನಿಂತು ರಾಡು ಎತ್ತಿ ಬಿಡುವುದು. ಜಲ್ಲಿಯಾದ ಮೇಲೆ ಕೂತು ಅರೆಯುವುದು. ಆಮೇಲೆ ಹಳೇ ಸೀರೆಯ ಬಟ್ಟೆಯಲ್ಲಿ ಸೋಸುವುದು. ಬಟ್ಟೆಯಿಂದ ಹೊಗೆಯ ಹಾಗೆ ಇಳಿದದ್ದೇ ಮೊದಲ ನಂಬರಿನ ಪುಡಿ. ನೀರು ಮುಟ್ಟಿಸುವಂತಿಲ್ಲ, ಹಸಿಯಾದರೆ ಪುಡಿ ಗಂಟಾಗಿ ಎಳೆ ಕೆಡುತ್ತದೆ ಅನ್ನುವುದು ಅವರ ನಂಬಿಕೆ. ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬೆಳ್ಳಗೆ. ಊರಿನ ಇನ್ನಷ್ಟು ಹೆಂಗಸರು ಕೂಡಿಕೊಂಡರು, ಗುಳಿಗಳು ಹಂಚಿಹೋದವು. ಪಾತಾಳಕ್ಕೆ ಇಳಿಯದ ಕೆಲಸ, ಗಾಳಿ ಬೆಳಕಿನ ಕೆಲಸ ಅಂತ ಎಲ್ಲರಿಗೂ ನೆಮ್ಮದಿ.

ಖನಿಜಗಳ ಗಡಸುತನದ ಪಾಠ ಮೊದಲ ವರ್ಷದ ಮೊದಲ ತಿಂಗಳಲ್ಲೇ ಬರುತ್ತದೆ. ಬಳಪ ಒಂದು, ಬೆಣಚು ಏಳು. ಬೆಣಚಿನ ಧೂಳು ಶ್ವಾಸಕೋಶದಲ್ಲಿ ಕರಗುವುದಿಲ್ಲ, ಕೂತ ಕಡೆ ಗಾಯ ಮಾಡಿ ಗಟ್ಟಿ ಗಂಟು ಕಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ಗಣಿ ಕೆಮ್ಮಿಗೆ ಆಳವೂ ಕಾರಣವಲ್ಲ, ಕತ್ತಲೆಯೂ ಅಲ್ಲ, ಧೂಳು ಕಾರಣ. ಇಷ್ಟೂ ನನಗೆ ಗೊತ್ತಿತ್ತು. ಪರೀಕ್ಷೆಗೆ ಪ್ರಶ್ನೆ ಕೊಟ್ಟು ಅಂಕ ಹಾಕಿದ್ದೇನೆ. ಅಕ್ಕನಿಗೆ, ಈ ಕಲ್ಲು ಬಿಡು, ಬಳಪದ ಕಲ್ಲೇ ಕುಟ್ಟು ಅಂದಿದ್ದರೆ ಮುಗಿಯುತ್ತಿತ್ತು. ಯಾಕೆ ಅಂತ ಕೇಳುತ್ತಿದ್ದಳು. ಅದರಲ್ಲಿ ಚಿನ್ನ ಇಲ್ಲ, ನೀನು ಅಂದದ್ದೇ ನಿಜ, ಕಾಗೆಬಂಗಾರ ಅನ್ನಬೇಕಾಗುತ್ತಿತ್ತು. ಅಷ್ಟು ನನ್ನ ನಾಲಿಗೆಯಿಂದ ಹೊರಡಲಿಲ್ಲ. ಮುಂದಿನ ಹಬ್ಬಕ್ಕೆ ಹೇಳೋಣ ಅಂದುಕೊಂಡೆ, ಹಬ್ಬಗಳು ಬಂದವು, ಹೋದವು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿದ ಗಾದೆ.

ಕೊರೊನಾ ಕಾಲದಲ್ಲಿ ನಾನು ಅಕ್ಕನಿಗೆ ಒಂದು ಡಬ್ಬಿ ಮಾಸ್ಕ್ ಕಳಿಸಿದೆ. ಫೋನು ಮಾಡಿ, ಸಂತೆಗೆ ಹೋಗುವಾಗ ಹಾಕ್ಕೋ ಅಂದೆ. ಕುಟ್ಟುವಾಗ ಹಾಕ್ಕೋ ಅನ್ನುವುದು ಗಂಟಲಿನವರೆಗೆ ಬಂದಿತ್ತು, ನುಂಗಿಕೊಂಡೆ. ಇದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯ ಆಗುತ್ತದೆ.

ಅವಳ ಕೆಮ್ಮು ಜೋರಾದದ್ದು ಅದಾದ ಮೇಲೆ. ಅವಳ ಮಗನಿಗೆ ಹೆಣ್ಣು ಸಿಗದೆ ಮೂವತ್ತೈದು ದಾಟಿ ಮದುವೆಯಾಗಿತ್ತು. ಅವನು ಗೂಡ್ಸ್ ಆಟೊ ಓಡಿಸುತ್ತಾನೆ. ಸೊಸೆ ಬಸುರಿ. ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆತಂದ, ನಾನು ಜೊತೆಗೆ ಹೋದೆ. ಎಕ್ಸ್‌ರೇಯಲ್ಲಿ ಎದೆ ತುಂಬ ಬಿಳಿ ಚುಕ್ಕಿ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇವರು ಏನು ಕೆಲಸ ಮಾಡ್ತಿದ್ರು? ಕಲ್ಲಿನ ಕೆಲಸ ಏನಾದ್ರೂ? ಕ್ವಾರಿ, ಗಣಿ?"

ಅಕ್ಕನ ಮಗ, ನನ್ನ ಸೋದರಳಿಯ, ಆಟೊ ನಿಲ್ಲಿಸಲು ಹೋಗಿದ್ದ. ಅಕ್ಕ ಕೆಮ್ಮಿ ಸುಸ್ತಾಗಿ ಬೆಂಚಿನ ಮೇಲೆ ಬಗ್ಗಿ ಕೂತಿದ್ದಳು. ನಾನು ಯಾರು, ಏನು ಕಲಿಸುತ್ತೇನೆ ಎಂದು ಒಳಗೆ ಬಂದ ಕೂಡಲೇ ಡಾಕ್ಟರಿಗೆ ಜಂಬದಿಂದ ಪರಿಚಯ ಹೇಳಿಕೊಂಡಿದ್ದೆ. ಈಗ ಕಲ್ಲು ಅಂದರೆ ಯಾವ ಕಲ್ಲು ಅನ್ನುತ್ತಾರೆ. ಬೆಣಚು ಅಂದರೆ, ನೀವು ಇದನ್ನೇ ಕಲಿಸುವ ಮೇಷ್ಟ್ರಾಗಿ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅನ್ನುತ್ತಾರೆ.

"ಇಲ್ಲ ಡಾಕ್ಟ್ರೇ. ಮನೇಲೇ ಇರ್ತಾರೆ. ಯಾವತ್ತೂ ಗಣಿಗೆ ಇಳಿದವರಲ್ಲ" ಅಂದೆ.

ಕಡೆಯ ಮಾತು ಸುಳ್ಳಲ್ಲ, ಅದೇ ಅದರ ಹೊಲಸು. ಡಾಕ್ಟರು ಕಫದ ಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ, ಆದರೂ ಟಿ.ಬಿ. ಅಂತಲೇ ಚಿಕಿತ್ಸೆ ಶುರು ಮಾಡೋಣ ಅಂದರು. ಮಾತ್ರೆ ಬರೆದರು. ವಾಪಸ್ಸು ಬರುವಾಗ ಅಕ್ಕ ನನ್ನ ಕೈ ಹಿಡಿದು, "ನೀನಿದ್ದಿದ್ಕೆ ಡಾಕ್ಟ್ರು ಸಂದಾಗಿ ನೋಡಿದ್ರು ಕಣ್ಲಾ" ಅಂದಳು.

ಟಿ.ಬಿ. ಅಂದರೆ ಅಂಟುರೋಗ. ಬಸುರಿ ಸೊಸೆ ಇರುವ ಮನೆ. ಅಕ್ಕ ತಾನಾಗಿಯೇ ಹಾಸಿಗೆ ಎತ್ತಿಕೊಂಡು ಹಿತ್ತಲಿನ ಕೊಟ್ಟಿಗೆಗೆ ಹೋದಳು. ಬೇರೆ ತಟ್ಟೆ, ಬೇರೆ ಲೋಟ. ಸೊಸೆ ಕೆಟ್ಟವಳಲ್ಲ, ಹೊತ್ತು ಹೊತ್ತಿಗೆ ಬಿಸಿ ಮುದ್ದೆ ತಂದು ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದಳು. ಹೆಣ್ಣು ಮಗು ಹುಟ್ಟಿತು. ಅಕ್ಕ ಮೊಮ್ಮಗಳನ್ನು ಕಿಟಕಿಯ ಆಚೆಯಿಂದ ನೋಡಿದಳು. ಮಾತ್ರೆಯ ಕೋರ್ಸು ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಕೆಮ್ಮು ನಿಲ್ಲದವಳನ್ನು ಒಳಗೆ ಕರೆಯುವುದು ಹೇಗೆ? ಇನ್ನೊಂದು ಕೋರ್ಸು ಶುರುವಾಯಿತು. ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ: "ಈ ಕೆಮ್ಮು ಯಾವಾಗ್ಲಾ ಓಯ್ತದೆ? ಒಂದ್ಸಲ ಎತ್ಕೊಬೇಕು ಕಣ್ಲಾ ಅದ್ನ, ಒಂದೇ ಸಲ." ಓಯ್ತದೆ ಬುಡು ಅನ್ನುತ್ತಿದ್ದೆ. ಅವಳ ಎದೆಯಲ್ಲಿರುವುದು ಅಂಟುವ ರೋಗವಲ್ಲ ಎಂಬ ಅನುಮಾನವನ್ನು ಬಾಯಿಬಿಟ್ಟರೆ ಸಾಕಿತ್ತು. ಎರಡೂವರೆ ವರ್ಷ ಬಾಯಿ ಬಿಡಲಿಲ್ಲ. ಮಗು ತೆವಳಿತು, ಎದ್ದು ನಿಂತಿತು, ನಡೆಯಿತು. ಕೊಟ್ಟಿಗೆಯ ಕಡೆ ಹೋದಾಗಲೆಲ್ಲ ತಾಯಿ ಓಡಿ ಬಂದು, "ಆ ಕಡೆ ಬೂಚಿ ಐತೆ, ಕಚ್ತದೆ" ಎಂದು ಎತ್ತಿಕೊಂಡು ಹೋಗುತ್ತಿದ್ದಳು.

ಈ ವರ್ಷ ಬೇಸಿಗೆಗೆ ಮುಂಚೆ ನನ್ನ ವಿದ್ಯಾರ್ಥಿಗಳನ್ನು ಆ ಗುಡ್ಡಕ್ಕೆ ಕರೆದುಕೊಂಡು ಹೋದೆ. ಹಳೇ ಗಣಿ ನೋಡದೆ ಜಿಲ್ಲೆಯ ಭೂವಿಜ್ಞಾನ ಪೂರ್ತಿಯಾಗುವುದಿಲ್ಲ. ಕಂದಕ ತೋರಿಸಿದೆ, ಪದರುಗಲ್ಲಿನ ಮಡಿಕೆ ತೋರಿಸಿದೆ. ಹಾಸುಬಂಡೆಯ ಗುಳಿಗಳ ಹತ್ತಿರ ಬಂದು, ಇವು ಸಾವಿರಾರು ವರ್ಷ ಹಳೆಯವಿರಬಹುದು ಅಂತ ಶುರು ಮಾಡಿದೆ. ಒಂದು ಹುಡುಗಿ ಗುಳಿಗೆ ಬೆರಳು ಹಾಕಿ, "ಸಾರ್, ಪುಡಿ ಹೊಸದಾಗಿದೆ" ಅಂದಳು. ಅಷ್ಟರಲ್ಲಿ ಊರಿನ ಒಬ್ಬ ಹೆಂಗಸು, ಮೂವತ್ತೂ ಆಗಿರದವಳು, ಕಲ್ಲು ತುಂಬಿದ ಮಂಕರಿ ಬುಟ್ಟಿ ಹೊತ್ತು ಬಂದಳು. ಅವಳು ಕೆಳಗಿಳಿಸಿದ ರಾಡು ನನ್ನ ಭಾವನದು. ಅಕ್ಕ ಕೈಲಾಗದೆ ಅವಳಿಗೆ ಕೊಟ್ಟಿದ್ದಳಂತೆ.

"ಇದೇನವ್ವ ಕುಟ್ಟೋದು?" ಅಂದೆ.

"ಗಣಿಕಲ್ಲು ಸಾ. ಇದ್ರಾಗೆ ಚಿನ್ನ ಐತೆ. ನೀವೇ ಅಂತಲ್ವಾ ಕನ್ನಡಿ ಇಟ್ ಯೋಳಿದ್ದು?" ಅಂದಳು. ಹೇಳಿ, ಸೆರಗು ಬಾಯಿಗೆ ಅಡ್ಡ ಹಿಡಿದು ಸಣ್ಣದಾಗಿ ಕೆಮ್ಮಿದಳು.

ಇಪ್ಪತ್ತು ಜನ ಹುಡುಗರು ನನ್ನ ಮುಖ ನೋಡಿದರು. ಅವರಿಗೆ ಗಡಸುತನದ ಪಟ್ಟಿ ಬಾಯಿಪಾಠ ಇತ್ತು. ಗುಳಿಯ ಪಕ್ಕ ಬಿದ್ದಿದ್ದ ಚೂರು ಎತ್ತಿಕೊಂಡು ಪಿನ್ನು ತಾಗಿಸಿದೆ. ಹಳದಿ ಹೊಳಪು ಸಿಪ್ಪೆಯಾಗಿ ಎದ್ದು ಬಂತು. "ಇದು ಕಾಗೆಬಂಗಾರ. ಚಿನ್ನ ಅಲ್ಲ. ಅವತ್ತು ನಾನು ಹೇಳಿದ್ದು ತಪ್ಪು. ಇದನ್ನ ಕುಟ್ಟಬೇಡ, ಈ ಧೂಳಿಗೇ ಗಣಿ ಕೆಮ್ಮು ಬರೋದು" ಅಂದೆ. ಅವಳು ನಕ್ಕಳು. "ಏ, ಬುಡಿ ಸಾ. ನಾವೇನ್ ಗಣಿಯೊಳ್ಕೆ ಇಳೀತೀವಾ?" ಎಂದು ಮಂಕರಿ ಬಗ್ಗಿಸಿದಳು. ಅವಳ ಕೈಯಿಂದ ರಾಡು ಕಿತ್ತುಕೊಂಡು ದೂರ ಎಸೆದೆ. ಹೋಗಿ ಎತ್ತಿಕೊಂಡು ಬಂದಳು. ನನಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿ, ಕುಟ್ಟಲು ಶುರು ಮಾಡಿದಳು.

ಹುಡುಗರನ್ನು ಬಸ್ಸಿಗೆ ಕಳಿಸಿ ಅಕ್ಕನ ಮನೆಗೆ ಹೋದೆ. ನಡು ಮಧ್ಯಾಹ್ನ. ಅಳಿಯ ಊಟಕ್ಕೆ ಬಂದಿದ್ದ, ಸೊಸೆ ಬಡಿಸುತ್ತಿದ್ದಳು. ಇಬ್ಬರನ್ನೂ ಹಿತ್ತಲಿಗೆ ಕರೆದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಒಳಗಿದ್ದ ಅಕ್ಕನಿಗೂ ಕೇಳುವ ಹಾಗೆ, ಎಲ್ಲ ಹೇಳಿದೆ. ಚಿನ್ನದ ಮಾತು, ಧೂಳಿನ ಮಾತು, ಡಾಕ್ಟರಿಗೆ ಹೇಳಿದ ಮಾತು. ಅಳಿಯನ ಕೈಯಲ್ಲಿ ಮುದ್ದೆ ಹಾಗೇ ಒಣಗುತ್ತಿತ್ತು. "ಥೂ, ನೀವೂ ಒಬ್ಬ ಮನ್ಸನಾ ಮಾವ?" ಅಂದ. ಆ ಉಗಿತ ನನಗೆ ಸಮಾಧಾನ ಆಯಿತು, ಅದೂ ನಾಚಿಕೆಗೇಡು.

ಅಕ್ಕ ನನ್ನನ್ನು ಬೈಯಲಿಲ್ಲ. ಚಿನ್ನದ ಬಗ್ಗೆ ಕೇಳಲಿಲ್ಲ, ಎಷ್ಟು ದಿನ ಬದುಕುತ್ತೀನಿ ಅಂತಲೂ ಕೇಳಲಿಲ್ಲ. ಉಸಿರು ಎಳೆದು ಎಳೆದು, "ಅಂಗಾರೆ ಇದು... ಅಂಟಾಕಿಲ್ವಾ?" ಅಂದಳು.

"ಕಫದಲ್ಲಿ ಯಾವತ್ತೂ ಏನೂ ಸಿಕ್ಕಿಲ್ಲ ಅಕ್ಕ. ಕಲ್ಲಿನ ಧೂಳು ಯಾರಿಗೂ ಅಂಟಲ್ಲ."

ಅವಳು ಎದ್ದಳು. ಬಚ್ಚಲಿಗೆ ಹೋಗಿ ಕೈಕಾಲು ಮುಖ ಸೋಪು ಹಾಕಿ ತೊಳೆದಳು. ಟ್ರಂಕಿನಿಂದ ಒಗೆದ ಸೀರೆ ತೆಗೆದು ಉಟ್ಟಳು. ಅಷ್ಟಕ್ಕೇ ಮೂರು ಸಲ ನಿಂತು ಸುಧಾರಿಸಿಕೊಂಡಳು. ಗೋಡೆ ಹಿಡಿದು ನಡುಮನೆಗೆ ಬಂದಳು, ಎರಡೂವರೆ ವರ್ಷದ ಮೇಲೆ ಮೊದಲ ಸಲ. ಮಗು ಚಾಪೆಯ ಮೇಲೆ ಕೂತು ಸ್ಟೀಲಿನ ಲೋಟಗಳನ್ನು ಜೋಡಿಸುತ್ತಿತ್ತು. ಅಕ್ಕ ಬಗ್ಗಿ ಎರಡೂ ಕೈ ಚಾಚಿದಳು.

ಮಗು ತಲೆ ಎತ್ತಿ ನೋಡಿ ಕಿಟಾರನೆ ಕಿರುಚಿತು. "ಬೂಚಿ, ಬೂಚಿ" ಎಂದು ಎದ್ದು ಬಿದ್ದು ಓಡಿ ಸೊಸೆಯ ಕಾಲು ತಬ್ಬಿಕೊಂಡಿತು. "ಬೂಚಿ ಅಲ್ಲ ಕಣವ್ವ, ಅಜ್ಜಿ, ನಿನ್ ಅಜ್ಜಿ" ಎಂದು ಸೊಸೆ ಅಳುತ್ತಲೇ ಮಗುವನ್ನು ಎತ್ತಿ ಅಕ್ಕನ ಕಡೆಗೆ ಹಿಡಿದಳು. ಮಗು ಬೆನ್ನು ಸೆಟೆದು, ಕೈ ಬಡಿದು, ಉಸಿರು ಕಟ್ಟಿ ನೀಲಿಯಾಗುವಷ್ಟು ಅತ್ತಿತು. ಅದರ ಕಾಲು ಅಕ್ಕನ ಎದೆಗೆ ಒದೆಯಿತು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬುಡವ್ವ, ಅಳಿಸ್ಬ್ಯಾಡ ಅದ್ನ" ಅಂದಳು. ಸ್ವಲ್ಪ ಹೊತ್ತು ಅಲ್ಲೇ ನಿಂತು ಉಸಿರು ಹುಡುಕಿಕೊಂಡಳು. ಆಮೇಲೆ ಗೋಡೆ ಹಿಡಿದು ಹಿತ್ತಲ ಬಾಗಿಲವರೆಗೆ ನಡೆದು, ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಇನ್ನೊಂದೊರ್ಸ ಸುಮ್ನಿದ್ದಿದ್ರೆ ನಿನ್ ಗಂಟೇನ್ ಓಯ್ತಿತ್ಲಾ? ಕಾಯಿಲೆ ಅಂತ ದೂರ ಇಟ್ಟವ್ರೆ, ಇಲ್ದಿದ್ರೆ ಕೂಸು ನನ್ತಾವ ಬತ್ತಿತ್ತು ಅಂದ್ಕೊಂಡೇ ಸತ್ತೋಯ್ತಿದ್ದೆ."